ಡಬ್ಬದ ತಳಕ್ಕೆ ಕೈ

ಗಿರಣಿಗೆ ಬಂದ ಯಾವ ಕಾಳೂ ನೇರವಾಗಿ ಕಲ್ಲಿನ ಬಾಯಿಗೆ ಬೀಳುತ್ತಿರಲಿಲ್ಲ. ಮೊದಲು ಅದು ದೊಡ್ಡಮ್ಮನ ಕೈ ದಾಟಬೇಕಿತ್ತು. ಡಬ್ಬದ ಮುಚ್ಚಳ ತೆಗೆದು, ಮೊಣಕೈವರೆಗೂ ತೋಳು ಇಳಿಸಿ, ತಳದಿಂದ ಒಂದು ಹಿಡಿ ಎತ್ತಿ ಮೊರದ ಮೇಲೆ ಹರಡುತ್ತಿದ್ದಳು. ಬೆರಳ ತುದಿಯಲ್ಲಿ ಒಮ್ಮೆ ಹೀಗೆ ಸವರಿ, ಒಮ್ಮೆ ಹಾಗೆ ಸವರಿ, ಆಮೇಲೆ ಮಾತು. "ಮೇಲಿನ ಹಿಡಿ ಎಲ್ಲರದ್ದೂ ಚಿನ್ನವೇ. ತಳದ ಹಿಡಿ ಏನು ಹೇಳುತ್ತೆ ಅನ್ನೋದು ಮುಖ್ಯ" ಎನ್ನುವಳು.

ಮೊರದಲ್ಲಿ ಸಿಗುವ ಕಸವೆಲ್ಲ ಅವಳಿಗೆ ಒಂದೇ ಆಗಿರಲಿಲ್ಲ. ಜೊಳ್ಳು ಸಿಕ್ಕರೆ ಬೈಯುತ್ತಿರಲಿಲ್ಲ, ಊದಿ ಹಾರಿಸಿ "ಬೆಳೆಯುವಾಗ ತೆನೆಯಲ್ಲೇ ಒಣಗಿದ್ದು, ಅದರದ್ದೇನು ತಪ್ಪು?" ಎಂದು ಮುಂದಕ್ಕೆ ಹೋಗುವಳು. ಕಲ್ಲು ಸಿಕ್ಕರೆ ಮಾತ್ರ ಹುಬ್ಬು ಗಂಟು. ಒಂದೆರಡು ಹೊಲದ ಕಲ್ಲು ಎಲ್ಲರದ್ದರಲ್ಲೂ ಬರುತ್ತದೆ. ಕಾಳಿನಷ್ಟೇ ಗಾತ್ರದ, ಕಾಳಿನದೇ ಬಣ್ಣದ ಕಲ್ಲು ಬಂದರೆ ಅದು ತೂಕಕ್ಕೆಂದು ಆರಿಸಿ ಹಾಕಿದ್ದು. "ಯಾರ ಅಂಗಡಿದು ಇದು? ಹೋಗಿ ಅವನ ಮುಂದೆ ಸುರಿ" ಎಂದು ಡಬ್ಬ ವಾಪಸು ಕಳಿಸುವಳು. ಇನ್ನು ಹುಳುಕು ಕಾಳು. ಅದನ್ನು ಕಂಡರೆ ಅವಳಿಗೆ ಕೋಪಕ್ಕಿಂತ ಸಂಕಟ. "ಒಳ್ಳೇ ಕಾಳೇ ಕಣೇ ಇದು. ಇಡಬಾರದ ಕಡೆ ಇಟ್ಟು ಕೆಡಿಸಿದ್ದೀರಿ. ಬೀಸಿದ್ರೆ ಹಿಟ್ಟೆಲ್ಲ ಕಹಿ."

ಊರಿನಲ್ಲಿ ಎಲ್ಲರ ಬಾಯಲ್ಲೂ ಅವಳು ಗಿರಣಿ ದೊಡ್ಡಮ್ಮ. ಗಂಡ ತೀರಿಹೋದ ಮೇಲೆ ಇಂಜಿನ್ನು, ಬೆಲ್ಟು, ಎಣ್ಣೆ ಇವು ಮಗನ ಪಾಲಿಗೂ, ಮೊರ ಮತ್ತು ಮಾತು ಅವಳ ಪಾಲಿಗೂ ಬಂದಿದ್ದವು. ಮಗ ಮಾತು ಕಡಿಮೆಯವನು. "ಇಂಜಿನ್ನಿನ ಸದ್ದು, ಅಮ್ಮನ ಸದ್ದು, ಎರಡರ ಮಧ್ಯ ನನ್ನದು ಯಾರಿಗೆ ಕೇಳಬೇಕು" ಎಂದು ಅವನು ಹೇಳಿದ್ದು ಊರಿಗೆಲ್ಲ ಗೊತ್ತಿದ್ದ ಅವನ ಒಂದೇ ಮಾತು.

ಸೊಸೆಯನ್ನು ದೊಡ್ಡಮ್ಮನೇ ಆರಿಸಿ ತಂದಿದ್ದಳು. ನರ್ಸ್ ಓದಿದ ಹುಡುಗಿ. "ಗಿರಣಿ ಮನೆಗೆ ಸೂಜಿ ಚುಚ್ಚೋಳು ಯಾಕೆ?" ಎಂದು ದೊಡ್ಡಮ್ಮನ ಸ್ವಂತ ಅಕ್ಕನೇ ಮೂಗು ಮುರಿದಿದ್ದಳು. ಮದುವೆಯಾದ ಹೊಸತು, ಹುಡುಗಿಗೆ ಇನ್ನೂ ಊರ ಆರೋಗ್ಯ ಕೇಂದ್ರದಲ್ಲಿ ಕೆಲಸ ಸಿಕ್ಕಿರಲಿಲ್ಲ, ಗಿರಣಿಯಲ್ಲೇ ಕೈ ಆಡಿಸುತ್ತಿದ್ದಳು. ಒಂದು ದಿನ ಆ ಅಕ್ಕನ ಮನೆಯಿಂದಲೇ ಗೋಧಿ ಡಬ್ಬ ಬಂತು. ಹುಡುಗಿ ತಳದ ಹಿಡಿ ತೆಗೆದು ಹರಡಿದವಳು ಸುಮ್ಮನೆ ನಿಂತುಬಿಟ್ಟಳು, ಅತ್ತೆಯ ಮುಖ ನೋಡುತ್ತ.

"ನನ್ನ ಮುಖದಲ್ಲೇನಿದೆ? ಮೊರದಲ್ಲಿ ನೋಡು."

"ಕಲ್ಲಿದೆ ಅತ್ತೆ. ಆದರೆ ಇದು ದೊಡ್ಡತ್ತೆ ಮನೇದು..."

"ಡಬ್ಬ ಯಾರದ್ದು ಅಂತ ಕೇಳೋ ಕೈಗೆ ಕಲ್ಲು ಸಿಗಲ್ಲ. ವಾಪಸು ಕಳಿಸು."

ಅಕ್ಕ ಮುಂದಿನ ಸುಗ್ಗಿಯವರೆಗೂ ಮುಖ ಊದಿಸಿಕೊಂಡಿದ್ದಳು. ದೊಡ್ಡಮ್ಮ ಮಾತ್ರ ಈ ಕಥೆಯನ್ನು ಗಿರಣಿಗೆ ಬಂದವರಿಗೆಲ್ಲ ಹೇಳಿ, ಕೊನೆಗೆ "ಕೈ ಹದವಾಗಿದೆ ಹುಡುಗೀದು" ಎಂದು ಸೇರಿಸುತ್ತಿದ್ದಳು.

ಕೆಲಸ ಸಿಕ್ಕಿದ ಮೇಲೆ ಸೊಸೆ ಊರಿಗೆಲ್ಲ ನರ್ಸಮ್ಮ ಆದಳು. ಬಿಳಿ ಕೋಟು ಗಿರಣಿಯ ಹಿಂದಿನ ತಂತಿಯ ಮೇಲೆ ಒಣಗುತ್ತಿತ್ತು. ಎಷ್ಟು ಒಗೆದರೂ ಅದರ ಮೇಲೆ ಹಿಟ್ಟಿನ ಒಂದು ತೆಳು ಪುಡಿ ಕೂರುತ್ತಿತ್ತು. ಅದನ್ನು ಕೊಡವಿ ಕೊಡುವ ಕೆಲಸ ದೊಡ್ಡಮ್ಮ ತಾನೇ ಇಟ್ಟುಕೊಂಡಿದ್ದಳು.

ಆ ವರ್ಷ ಮಳೆ ಬಿಟ್ಟ ಹಿಂದೆಯೇ ಊರಿಗೆ ವಾಂತಿಭೇದಿ ಬಂತು. ಮೊದಲು ಮೇಲಿನ ಬೀದಿಯಲ್ಲಿ, ದರ್ಜಿಯ ಮನೆಯಲ್ಲಿ. ಆ ಬೀದಿಗೆ ಟ್ಯಾಂಕಿನ ನೀರು ಸರಿಯಾಗಿ ಏರುತ್ತಿರಲಿಲ್ಲ. ಅವರದ್ದೆಲ್ಲ ಹಳೇ ಬಾವಿಯ ನೀರು. ಆಮೇಲೆ ಕುರಿ ಕಾಯುವವನ ಮುದಿ ತಾಯಿ ಮಲಗಿದಳು, ಏಳಲಿಲ್ಲ. ಅವಳನ್ನು ಮಣ್ಣು ಮಾಡಿ ಬಂದ ದಿನ ಊರು ಬಾಯಿ ಮುಚ್ಚಿಕೊಂಡಿತ್ತು. ಮಾರನೆಯ ದಿನದಿಂದ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

ನರ್ಸಮ್ಮನೂ ನೀರು ಬಿಡುವವನೂ ಸೇರಿ ಟ್ಯಾಂಕಿಗೆ ಔಷಧಿ ಪುಡಿ ಹಾಕಿದರು. ಬಾವಿಯ ನೀರನ್ನು ಸೀಸೆಯಲ್ಲಿ ತುಂಬಿ ಪರೀಕ್ಷೆಗೆ ಪಟ್ಟಣಕ್ಕೆ ಕಳಿಸಿದರು. ನಲ್ಲಿ ತಿರುಗಿಸಿದರೆ ಗುಪ್ಪೆಂದು ವಾಸನೆ. ಹಿಟ್ಟು ಕಲಸಿದರೂ ಅದೇ, ಬಾಯಿ ಮುಕ್ಕಳಿಸಿದರೂ ಅದೇ. ಜನ ಕೊಡ ಎತ್ತಿಕೊಂಡು ಹಳೇ ಬಾವಿಯ ಕಡೆ ತಿರುಗಿದರು. ಬಾವಿ ಇದ್ದದ್ದು ಗಿರಣಿಗೆ ಕೂಗಳತೆ ದೂರದಲ್ಲಿ. ಅದರ ನೀರು ಕಣ್ಣಿಗೆ ತಿಳಿ, ನಾಲಿಗೆಗೆ ಸಿಹಿ.

ಕಾಯಿಲೆಯ ಸುದ್ದಿ ಮನೆಯವರ ಬಾಯಿಂದ ಬರುವ ಮೊದಲೇ ದೊಡ್ಡಮ್ಮನಿಗೆ ತಿಳಿಯುತ್ತಿತ್ತು. ಹೊಟ್ಟೆ ಕೆಟ್ಟ ಮನೆಗೆ ಹಿಟ್ಟು ಬೇಡ, ಗಂಜಿಗೆ ನುಚ್ಚು ಬೇಕು. ಡಬ್ಬ ತಂದವಳು ಕಣ್ಣು ತಪ್ಪಿಸಿ "ಇವತ್ತು ನುಚ್ಚು ಒಡೆದುಕೊಡಿ ದೊಡ್ಡಮ್ಮ" ಎಂದರೆ ಸಾಕು, ಆ ಮನೆಯಲ್ಲಿ ಯಾರೋ ಮಲಗಿದ್ದಾರೆ. ಅವಳು ಏನನ್ನೂ ಕೇಳುತ್ತಿರಲಿಲ್ಲ. ಮಗನಿಗೆ ಕಲ್ಲು ಸಡಿಲ ಮಾಡುವಂತೆ ಸನ್ನೆ ಮಾಡುತ್ತಿದ್ದಳು, ಅಷ್ಟೇ. ಆದರೆ ಲೆಕ್ಕ ಮನಸ್ಸಿನಲ್ಲಿ ಉಳಿಯುತ್ತಿತ್ತು. ಟ್ಯಾಂಕಿಗೆ ಪುಡಿ ಬೀಳುವ ಮುಂಚೆ ನುಚ್ಚು ಕೇಳಿದವರು ಮೇಲಿನ ಬೀದಿಯವರು ಮಾತ್ರ. ಬಿದ್ದ ಮೇಲೆ ಎಲ್ಲ ಬೀದಿಯವರೂ ಕೇಳತೊಡಗಿದರು.

ಅದನ್ನೇ ಅವಳು ಹೇಳಿದಳು. ಗಿರಣಿಯ ಕಟ್ಟೆಯ ಮೇಲೆ ಕೂತ ಹೆಂಗಸರ ಎದುರು, ಸಹಜವಾಗಿ, ಮೊರ ಆಡಿಸುತ್ತ: "ಯಾಕೋ ಕಣ್ರೇ, ಆ ಪುಡಿ ಹಾಕಿದ ಮೇಲೇ ನುಚ್ಚು ಜಾಸ್ತಿ ಆಯ್ತು. ಪುಡಿಯೇ ಹೊಟ್ಟೆಗೆ ಆಗ್ತಿಲ್ವೋ ಏನೋ."

"ಏನೋ" ಎಂಬ ಕೊನೆಯ ಮಾತು ಕಟ್ಟೆ ಇಳಿಯುವಷ್ಟರಲ್ಲೇ ಉದುರಿಹೋಯಿತು. ಮೂಲೆ ತಿರುಗುವಾಗ ಅದು "ಗಿರಣಿ ದೊಡ್ಡಮ್ಮ ಹೇಳಿದ್ರು" ಆಯಿತು. ಕೆಳಗಿನ ಬೀದಿ ಮುಟ್ಟುವಾಗ "ನರ್ಸಮ್ಮನ ಅತ್ತೇನೇ ಹೇಳಿದ್ರು" ಎಂದಾಯಿತು. ಅಲ್ಲಿಗೆ ಮಾತಿಗೆ ಬಿಳಿ ಕೋಟು ತೊಡಿಸಿದ ಹಾಗಾಯಿತು. ಸೊಸೆಯ ಮನೆಯವರೇ ಹೇಳಿದ ಮೇಲೆ ಇನ್ನೇನು?

ಇದರ ಜೊತೆಗೆ ಇನ್ನೆರಡು ಮಾತು ಊರಿನ ಮೊಬೈಲುಗಳಲ್ಲಿ ಓಡಾಡುತ್ತಿದ್ದವು. ಒಂದು, ಸಾಲಾಗಿ ಮಲಗಿಸಿದ ಮಕ್ಕಳ ಫೋಟೊ. ಹಿಂದೆ ನೀರಿನ ಟ್ಯಾಂಕು. ಕೆಳಗೆ "ನಮ್ಮೂರ ಟ್ಯಾಂಕಿನ ನೀರು ಕುಡಿದವರು, ಇವತ್ತು ಬೆಳಗ್ಗೆ ಆಸ್ಪತ್ರೆಯಲ್ಲಿ ನಾನೇ ತೆಗೆದದ್ದು" ಎಂದು ಬರೆದಿತ್ತು. ಕಳಿಸಿದವನು ಕ್ಯಾನುಗಳಲ್ಲಿ ಕುಡಿಯುವ ನೀರು ಮಾರುವವನು. ಇನ್ನೊಂದು, ದರ್ಜಿಯ ಮನೆ ಬಾಗಿಲಿನ ಫೋಟೊ. "ಕಾಯಿಲೆ ಶುರುವಾಗಿದ್ದು ಇಲ್ಲಿಂದ. ಹತ್ತಿರ ಹೋಗಬೇಡಿ." ಅದನ್ನು ಹಾಕಿದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ.

ಪಟ್ಟಣದಿಂದ ಪರೀಕ್ಷೆಯ ಉತ್ತರ ಬಂದ ಸಂಜೆಯೇ ನರ್ಸಮ್ಮ ಹಳೇ ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಿ, ಬೀಗ ಜಡಿಸಿದಳು. ಮಾರನೆಯ ದಿನ ಬೆಳಗಾಗುತ್ತಲೇ ಊರಿನ ಅರ್ಧ ಗಂಡಸರು ಗಿರಣಿಯ ಅಂಗಳದಲ್ಲಿ ನಿಂತಿದ್ದರು. ಅವರ ಮುಂದೆ ಟ್ರಾಕ್ಟರಿನವನು. ನಿದ್ದೆಯಿಲ್ಲದ ಕಣ್ಣು, ಅವನ ಹೆಂಡತಿ ಹಿಂದಿನ ದಿನದಿಂದ ಮಲಗಿದ್ದಳು.

"ದೊಡ್ಡಮ್ಮ, ಹಾರೆ ಕೊಡಿ."

ಸವೆದ ಬೀಸುವ ಕಲ್ಲನ್ನು ಎತ್ತಿ, ಉಳಿಯಿಂದ ಹೊಸದಾಗಿ ಕಚ್ಚು ಹಾಕಲು ಗಿರಣಿಯಲ್ಲಿ ಒಂದು ಉದ್ದನೆಯ ಹಾರೆ ಇತ್ತು. ಕಬ್ಬಿಣದ ಜಾಲರಿ ಮೀಟುವಷ್ಟು ಉದ್ದದ್ದು ಆ ಊರಲ್ಲಿ ಇನ್ನೊಂದಿರಲಿಲ್ಲ.

"ಬೆಳಬೆಳಗ್ಗೆ ಹಾರೆ ಯಾಕೋ?"

"ಬೀಗ ಒಡೆಯೋಕೆ. ಚೊಕ್ಕ ನೀರಿಗೆ ಬೀಗ ಹಾಕಿ, ವಿಷದ ನೀರು ಮನೆ ಮನೆಗೆ ಬಿಡ್ತಾರಂತೆ. ಇದು ಯಾವ ಊರ ನ್ಯಾಯ?"

"ಬೀಗ ಹಾಕಿದ್ದು ನನ್ನ ಸೊಸೆ ಕಣೋ."

"ಪುಡಿಯಿಂದಲೇ ಕಾಯಿಲೆ ಅಂತ ಹೇಳಿದ್ದು ನೀವು" ಎಂದ ಅವನು. "ಊರಿಗೆಲ್ಲ ಹೇಳಿ ಈಗ ಹಿಂದೆ ಸರೀತೀರಾ?"

ದೊಡ್ಡಮ್ಮ ಒಳಗೆ ಹೋದಳು. ಗೋಡೆಗೆ ಒರಗಿಸಿದ್ದ ಹಾರೆಯನ್ನು ಎತ್ತಿಕೊಂಡಳು. ಹೇಳಿದ ಮಾತಿಗೆ ಹಿಂದೆ ಸರಿದವಳಲ್ಲ ಅವಳು. ತಾನು ಕಂಡದ್ದನ್ನೇ ಹೇಳಿದ್ದಳು. ಆದರೆ ಹಾರೆ ಯಾಕೋ ಎಂದಿಗಿಂತ ಭಾರವಿತ್ತು. ಬಾಗಿಲಿಗೆ ಬಂದು ಅದನ್ನು ನೆಲಕ್ಕೂರಿ ನಿಂತಳು. ಟ್ರಾಕ್ಟರಿನವನು ಕೈ ಚಾಚಿದ. ಅವಳು ಕೊಡಲಿಲ್ಲ, ಕೊಡುವುದಿಲ್ಲ ಎಂದೂ ಹೇಳಲಿಲ್ಲ.

ಆಗಲೇ ನರ್ಸಮ್ಮ ಮೇಲಿನ ಬೀದಿಯಿಂದ ಇಳಿದು ಬಂದಳು. ಎರಡು ರಾತ್ರಿ ಆರೋಗ್ಯ ಕೇಂದ್ರದಲ್ಲೇ ಕಳೆದವಳು. ಕೋಟಿನ ತೋಳು ಮುದುರಿತ್ತು. ನಿನ್ನೆಯಿಂದ ಹೋದ ಮನೆಯಲ್ಲೆಲ್ಲ "ನಿಮ್ಮತ್ತೆ ಹೀಗಂದ್ರಂತೆ" ಎಂಬುದನ್ನೇ ಕೇಳಿಸಿಕೊಂಡು, ಅತ್ತೆಯನ್ನು ಒಳಗೆ ಕೂರಿಸಿಕೊಂಡು ಮಾತಾಡಬೇಕೆಂದು ಬಂದಿದ್ದಳು. ಅಂಗಳ ಕಂಡಳು, ಹಾರೆ ಕಂಡಳು. ಒಳಗೆ ಕೂರುವ ಹೊತ್ತು ಮೀರಿತ್ತು.

"ಬಾವಿಗೆ ಚರಂಡಿ ಇಳಿದಿದೆ" ಎಂದಳು. "ಮಳೆಗೆ ಒಡೆದದ್ದು. ಪರೀಕ್ಷೆ ಬಂದಿದೆ."

"ಪರೀಕ್ಷೆ ಕಾಗದ ನಮಗ್ಯಾಕೆ? ನಮ್ಮ ಕಣ್ಣಿಗೆ ಕಾಣೋದೇ ಬೇರೆ. ಪುಡಿ ಹಾಕಿದ ಮೇಲೆ ಕಾಯಿಲೆ ಜಾಸ್ತಿ ಆಯ್ತೋ ಇಲ್ವೋ, ನಿಮ್ಮತ್ತೇನೇ ಕೇಳಿ!"

"ಕೇಳ್ತೀನಿ." ಅವಳು ತಿರುಗಿದಳು. "ಅತ್ತೆ, ಆಮೇಲೆ ನುಚ್ಚು ಒಡೆಸಿದ ಮನೆಗಳು ಯಾವುವು?"

ದೊಡ್ಡಮ್ಮನಿಗೆ ಸ್ವಲ್ಪ ಹೆಮ್ಮೆ ಬಂತು. ಸದ್ಯ, ತನ್ನ ಮಾತನ್ನು ಕೇಳುತ್ತಿದ್ದಾಳೆ. "ಕಮ್ಮಾರನ ಮನೆ. ಕೋಳಿ ಸಾಕೋರ ಮನೆ. ಸೇತುವೆ ಹತ್ರದ ಮೇಷ್ಟ್ರು ಮನೆ. ಇವನ ಮನೆ, ನಿನ್ನೆ" ಎಂದು ಟ್ರಾಕ್ಟರಿನವನ ಕಡೆ ಗಲ್ಲ ತೋರಿದಳು.

"ಕಮ್ಮಾರಣ್ಣ, ಇಲ್ಲೇ ಇದ್ದೀರಲ್ಲ. ನಿಮ್ಮನೇಲಿ ಯಾವ ನೀರು ಕುಡೀತಿದ್ರಿ?"

ಕಮ್ಮಾರ ಹಿಂದೆ ಮುಂದೆ ನೋಡಿದ. "ಬಾವೀದು. ಆ ವಾಸನೆ ಯಾರು ಕುಡೀತಾರೆ ತಾಯಿ?"

"ಕೋಳಿಯವರು?"

"ನಾವೂ ಬಾವೀದೇ."

ಮೇಷ್ಟರ ಮನೆಯದ್ದನ್ನು ಪಕ್ಕದ ಮನೆಯವನು ಹೇಳಿದ. ಬಾವಿ. ಕೊನೆಗೆ ಎಲ್ಲರ ಕಣ್ಣು ಟ್ರಾಕ್ಟರಿನವನ ಮೇಲೆ ಬಿತ್ತು. ಅವನು ನೆಲ ನೋಡುತ್ತ, "ನಾನೇ ತಂದುಕೊಟ್ಟೆ. ಟ್ರಾಕ್ಟರಲ್ಲಿ ಡ್ರಮ್ಮು ಹೇರ್ಕೊಂಡು" ಎಂದ.

"ಟ್ಯಾಂಕಿನ ನೀರೇ ಕುಡಿದವರು ಯಾರಾದ್ರೂ ಇದ್ದೀರಾ?"

ಗುಂಪಿನ ಹಿಂದಿನಿಂದ ಹಾಲಿನಜ್ಜನ ದನಿ ಬಂತು. ಮನೆ ಮನೆಗೆ ಹಾಲು ಹಾಕುತ್ತಿದ್ದವನು, ಈಗ ಮಂಡಿ ಸೋತು ಕೋಲು ಹಿಡಿದಿದ್ದ. "ನಾನಿದೀನಮ್ಮ. ಬಾವಿವರೆಗೂ ನಡೆಯೋಕೆ ಕಾಲೆಲ್ಲಿದೆ? ಮೂಗು ಹಿಡ್ಕೊಂಡು ಅದನ್ನೇ ಕುಡೀತಿದೀನಿ. ನಮ್ಮ ಮುದುಕಿನೂ ಅದೇ. ಇಬ್ರೂ ಗುಂಡುಕಲ್ಲ ಹಂಗಿದೀವಿ. ಸಾಯ್ಬೇಕಾದೋರು ನಾವು, ಮಲಗಿರೋರು ನೀವು!"

ಯಾರೋ ನಕ್ಕರು. ನಗು ಅರ್ಧಕ್ಕೇ ನಿಂತಿತು. ಟ್ರಾಕ್ಟರಿನವನು ತಲೆ ಎತ್ತಿದ. ಅವನಿಗೆ ಹಿಡಿದುಕೊಳ್ಳಲು ಏನಾದರೂ ಬೇಕಿತ್ತು.

"ಹಾಗಾದ್ರೆ ನಿಮ್ಮತ್ತೆ ಸುಳ್ಳು ಹೇಳಿದ್ರಾ? ಊರ ಮುಂದೆ ಹೇಳಿಬಿಡಿ ನರ್ಸಮ್ಮ. ಆಗ ನಂಬ್ತೀವಿ."

ಗಿರಣಿಯ ಒಳಗೆ ಮಗ ಇಂಜಿನ್ನು ನಿಲ್ಲಿಸಿದ. ಬೆಲ್ಟು ಪಟಪಟನೆ ಎರಡು ಸುತ್ತು ಹೊಡೆದು ಸುಮ್ಮನಾಯಿತು. ದೊಡ್ಡಮ್ಮ ಹಾರೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ನರ್ಸಮ್ಮ ಅವಳ ಮುಖವನ್ನು ಒಂದು ಕ್ಷಣ ನೋಡಿದಳು, ಆಮೇಲೆ ನೋಡಲಿಲ್ಲ.

"ಹೌದು" ಎಂದಳು. "ಅತ್ತೆ ಹೇಳಿದ್ದು ಸುಳ್ಳು. ಅವರು ಕಂಡಿದ್ದು ನಿಜ, ಅದಕ್ಕೆ ಕಟ್ಟಿದ ಕಾರಣ ತಪ್ಪು. ನುಚ್ಚು ಜಾಸ್ತಿ ಆಗಿದ್ದು ನಿಜ. ಪುಡಿ ಹೊಟ್ಟೆಗೆ ಹೋಗಿದ್ದಕ್ಕಲ್ಲ, ವಾಸನೆಗೆ ಹೆದರಿ ನೀವು ಬಾವಿಗೆ ಹೋಗಿದ್ದಕ್ಕೆ. ನಮ್ಮ ಮನೆಯಿಂದ ಹೊರಟ ಮಾತು ಇದು. ಅದನ್ನು ನಂಬಿ ಬಾವಿ ನೀರು ಕುಡಿದವರು ಇವತ್ತು ಮಲಗಿದ್ದಾರೆ."

ಕಮ್ಮಾರ ಮೆಲ್ಲಗೆ, "ಸುಳ್ಳು ಹೇಳಿದ್ರು ಅಂದಮೇಲೆ ಅವರಿಗೂ ಆ ಕ್ಯಾನಿನವನಿಗೂ ಏನು ವ್ಯತ್ಯಾಸ ತಾಯಿ? ಸುಳ್ಳಲ್ಲೂ ತರಾವರಿ ಇರುತ್ತಾ?" ಎಂದ. ಅವನದ್ದು ಕುಹಕವಾಗಿರಲಿಲ್ಲ, ನಿಜವಾಗಿಯೇ ಕೇಳಿದ್ದ.

"ಇರುತ್ತೆ. ಗಿರಣಿ ಅಂಗಳದಲ್ಲಿ ನಿಂತು ಇದನ್ನ ಕೇಳ್ತೀರಲ್ಲ ಅಣ್ಣ!"

ಪಟ್ಟಣದ ತರಬೇತಿಯಲ್ಲಿ ಇದಕ್ಕೆಲ್ಲ ಉದ್ದುದ್ದ ಹೆಸರು ಹೇಳಿಕೊಟ್ಟಿದ್ದರು. ಅವನ್ನು ಇಲ್ಲಿ ಹೇಳಿದರೆ ಹಾಲಿನಜ್ಜ ಒಂದು ವರ್ಷ ಆಡಿಕೊಂಡು ನಗುತ್ತಾನೆಂದು ಅವಳಿಗೆ ಗೊತ್ತಿತ್ತು. ಕಟ್ಟೆಯ ಮೇಲಿದ್ದ ಮೊರ ಎತ್ತಿಕೊಂಡಳು. ಪಕ್ಕದಲ್ಲಿ ಸರದಿಗೆ ಇಟ್ಟಿದ್ದ ಜೋಳದ ಡಬ್ಬದೊಳಕ್ಕೆ ತೋಳು ಇಳಿಸಿ, ತಳದ ಹಿಡಿ ತೆಗೆದು ಹರಡಿದಳು.

"ಇದು ಜೊಳ್ಳು. ನೋಡೋಕೆ ಕಾಳೇ, ಒಳಗೆ ತಿರುಳಿಲ್ಲ. ಯಾರೂ ಬೇಕಂತ ಹಾಕಿದ್ದಲ್ಲ. ನಮ್ಮತ್ತೆ ಮಾತು ಈ ಜಾತಿದು. ಊರು ಉಳೀಲಿ ಅಂತಲೇ ಹೇಳಿದ್ದು, ಪೂರ್ತಿ ತಿಳೀದೆ ಹೇಳಿದ್ದು. ಇದಕ್ಕೆ ಜಗಳ ಬೇಡ, ಗಾಳಿ ಸಾಕು. ತಪ್ಪು ಅಂತ ತಿಳಿದ ಕೂಡಲೇ ತೂರಿಬಿಡಬೇಕು. ಆದರೆ ತೂರೋದಕ್ಕೆ ಯಾರ ಮಾತು ಅಂತ ಹೇಳಲೇಬೇಕು. ನರ್ಸಮ್ಮನ ಮನೆಯವರೇ ಹೇಳಿದ್ರು ಅಂತ ನೀವೆಲ್ಲ ನಂಬಿದ್ದೀರಿ. ಅದಕ್ಕೇ ಹೆಸರು ಹಿಡಿದು ಹೇಳ್ದೆ."

ಬೆರಳು ಮುಂದೆ ಸರಿಯಿತು. "ಇದು ಕಲ್ಲು. ಆ ಮಕ್ಕಳ ಫೋಟೊ ಎಲ್ಲರ ಫೋನಲ್ಲೂ ಇದೆಯಲ್ಲ, ತೆಗೀರಿ."

ತೆಗೆದರು. ಹಾಲಿನಜ್ಜ ಪಕ್ಕದವನ ಫೋನಿಗೆ ಮೂಗು ತಾಗಿಸಿ ನೋಡಿದ. "ಅಯ್ಯೋ, ನಮ್ಮ ಟ್ಯಾಂಕು ಚೌಕ ಅಲ್ವೇನ್ರೋ! ಇದು ಮಡಕೆ ಹಂಗೆ ಗುಂಡಗಿದೆ! ಇಷ್ಟು ದಿನ ಕಣ್ಣು ಎಲ್ಲಿ ಮೇಯೋಕೆ ಹೋಗಿತ್ತು ನಿಮ್ದು?"

"ಇವತ್ತು ಬೆಳಗ್ಗೆ ನಾನೇ ತೆಗೆದೆ ಅಂತ ಬರೆದಿದ್ದಾನೆ" ಎಂದಳು ನರ್ಸಮ್ಮ. "ಆ ಬೆಳಗ್ಗೆ ಆಸ್ಪತ್ರೇಲಿ ಇದ್ದದ್ದು ನಾನು. ಅವನ ಮುಖ ನಾನು ಕಾಣಲಿಲ್ಲ, ಈ ಮಕ್ಕಳನ್ನೂ ಕಾಣಲಿಲ್ಲ. ಸುಳ್ಳು ಅಂತ ಅವನಿಗೆ ಗೊತ್ತು. ಗೊತ್ತಿದ್ದೇ ಹಾಕಿದ, ಕ್ಯಾನು ಖರ್ಚಾಗಲಿ ಅಂತ. ಇದು ಗಾಳಿಗೆ ಹೋಗಲ್ಲ. ಆರಿಸಿ ತೆಗೆದು, ಹಾಕಿದವನ ಮುಂದೆ ಸುರೀಬೇಕು. ಮೇಲಿನವರಿಗೆ ದೂರು ಕೊಟ್ಟಿದ್ದೀನಿ."

ಟ್ರಾಕ್ಟರಿನವನು ಎರಡು ಹೆಜ್ಜೆ ಹಿಂದೆ ಸರಿದಿದ್ದ. ಮುಂದಿನದು ಏನೆಂದು ಅವನಿಗೆ ಹೊಳೆದಿತ್ತು. ನರ್ಸಮ್ಮ ಒಂದೇ ಒಂದು ಕಾಳನ್ನು ಅಂಗೈ ಮೇಲೆ ಇಟ್ಟುಕೊಂಡಳು. ಸಣ್ಣ ತೂತು ಬಿದ್ದ ಕಾಳು.

"ಇನ್ನೊಂದಿದೆ, ಹುಳುಕು. ಅದು ಸುಳ್ಳೂ ಅಲ್ಲ. ದರ್ಜಿಯಣ್ಣನ ಮನೇಲೇ ಮೊದಲು ಕಾಯಿಲೆ ಬಂತು, ನಿಜ. ನನಗೆ ಹೇಳಿದ್ರೆ ಅದು ಔಷಧಿ. ಬಾಗಿಲಿನ ಫೋಟೊ ತೆಗೆದು ಊರಿಗೆಲ್ಲ ಹಂಚಿದ್ರೆ ಅದೇ ವಿಷ. ಜನ ಉಗಿದ್ರು. ಹೊಲಿಯೋಕೆ ಕೊಟ್ಟ ಬಟ್ಟೆ ವಾಪಸು ಇಸ್ಕೊಂಡ್ರು. ಆಮೇಲೆ ದರ್ಜಿಯಣ್ಣನಿಗೇ ಶುರುವಾದಾಗ ಅವರು ಯಾರಿಗೂ ಹೇಳಲಿಲ್ಲ. ಬಾಗಿಲು ಹಾಕ್ಕೊಂಡು ಒಳಗೇ ಇಟ್ಕೊಂಡ್ರು. ನಿನ್ನೆ ನಾನು ಬಾಗಿಲು ತಟ್ಟಿ ತೆಗೆಸಿದಾಗ ಮಾತಾಡೋ ಶಕ್ತಿ ಇರಲಿಲ್ಲ. ಡ್ರಿಪ್ ಹಾಕಿದ್ದೀನಿ. ಉಳೀತಾರೆ. ಇನ್ನೊಂದು ರಾತ್ರಿ ಕಳೆದಿದ್ರೆ ಹೇಳೋಕಾಗ್ತಿರಲಿಲ್ಲ."

"ಅದನ್ನು ಹಾಕಿದ್ದು ಯಾರು ಅಂತ ನಿಮ್ಮ ಬಾಯಿಂದಲೇ ಹೇಳಿ" ಎಂದಿತು ಗುಂಪಿನಿಂದ ಒಂದು ದನಿ.

"ಹೇಳಲ್ಲ. ಹೇಳಿದ್ರೆ ನಾನೂ ಅದನ್ನೇ ಮಾಡಿದ ಹಾಗಾಗುತ್ತೆ. ಹೆದರಿಕೆಗೆ ಹಾಕಿದ್ದಾರೆ. ಅವರ ಮನೇಲೂ ಈಗ ಯಾರೋ ಮಲಗಿರಬಹುದು. ಅವರ ಬಾಗಿಲಿನ ಫೋಟೊ ಯಾರೂ ತೆಗೀಬಾರದು."

ಟ್ರಾಕ್ಟರಿನವನು ಮುಖ ಆ ಕಡೆ ತಿರುಗಿಸಿಕೊಂಡ. ಯಾರೂ ಅವನ ಕಡೆ ನೋಡಲಿಲ್ಲ.

ಈಗ ಉಳಿದದ್ದು ದೊಡ್ಡಮ್ಮ. ಗಲಾಟೆ ಕೇಳಿ ಬಂದು ಕಮ್ಮಾರನ ಹಿಂದೆ ನಿಂತಿದ್ದ ಅವಳ ಅಕ್ಕ ಇಂಥ ಹೊತ್ತನ್ನು ಬಿಟ್ಟಾಳೆಯೇ? ಹಳೇ ಗೋಧಿ ಇನ್ನೂ ಜೀರ್ಣವಾಗಿರಲಿಲ್ಲ. "ಏನೇ, ನೀನೇ ಆರಿಸಿ ತಂದ ಸೊಸೆ! ಊರ ಮುಂದೆ ನಿನ್ನ ಮಾನ ಹರಾಜು ಹಾಕಿದ್ಲಲ್ಲೇ?"

ದೊಡ್ಡಮ್ಮನ ಕಿವಿಯವರೆಗೂ ಬಿಸಿ ಏರಿತ್ತು. ಇಷ್ಟು ವರ್ಷ ಈ ಅಂಗಳದಲ್ಲಿ ಅವಳ ಮಾತಿಗೆ ಎದುರಾಡಿದವರಿರಲಿಲ್ಲ. ಕುರಿಯವನ ತಾಯಿಯ ಮುಖ ನೆನಪಿಗೆ ಬಂತು; ಆ ಸಾವು ತನ್ನ ಮಾತಿಗೆ ಮುಂಚಿನದು ಎಂದು ಒಂದು ಸಣ್ಣ ಸಮಾಧಾನ; ಆದರೆ ಕಮ್ಮಾರನ ಮನೆ, ಮೇಷ್ಟರ ಮನೆ? ಅವಳು ನಿಂತಲ್ಲಿಂದಲೇ ಮೊರದ ಕಡೆ ನೋಡಿದಳು. ಜೊಳ್ಳು ಒಂದು ಕಡೆ, ಕಲ್ಲು ಒಂದು ಕಡೆ, ಹುಳುಕು ಒಂದು ಕಡೆ. ಎಷ್ಟು ಅಚ್ಚುಕಟ್ಟು. ಒಂದು ಕಾಳೂ ಸೇರುವ ಕಡೆ ಬಿಟ್ಟು ಬೇರೆ ಕಡೆ ಬಿದ್ದಿರಲಿಲ್ಲ. ಆ ಬೆರಳುಗಳಿಗೆ ಅದನ್ನು ಕಲಿಸಿದ್ದು ಯಾರು? ಡಬ್ಬ ಯಾರದ್ದೆಂದು ನೋಡಬೇಡ ಎಂದು ಹೇಳಿದ್ದು ಯಾರು? ಬಿಸಿ ಕಿವಿಯಿಂದ ಇಳಿದು ಎದೆಗೆ ಬಂತು. ಅಲ್ಲಿ ಅದು ಬೇರೆಯೇ ಏನೋ ಆಯಿತು.

"ಮಾನ ಹೋಗಿಲ್ಲ ಅಕ್ಕಯ್ಯಾ" ಎಂದಳು. ಕಟ್ಟೆ ಮೇಲೆ ಕೂತವಳ ಎಂದಿನ ಗಟ್ಟಿ ದನಿಯೇ. "ಇವತ್ತು ನನ್ನ ಡಬ್ಬಕ್ಕೂ ಕೈ ಹಾಕಿದ್ದಾಳೆ. ಅವತ್ತು ನಿನ್ನ ಡಬ್ಬಕ್ಕೆ ಹಾಕಿದಾಗ ನಾನು ಏನಂದಿದ್ದೆ? ಕೈ ಹದವಾಗಿದೆ ಅಂದಿದ್ದೆ. ಇವತ್ತೂ ಅದೇ ಅಂತೀನಿ."

ಆಮೇಲೆ ಅಂಗಳಕ್ಕೆಲ್ಲ ತಿರುಗಿದಳು. "ಕೇಳಿಸ್ಕೊಳ್ರಪ್ಪ. ನಾನು ಹೇಳಿದ್ದು ಜೊಳ್ಳು. ತೂರಿಬಿಡಿ. ಇವಳು ಉಣ್ಣೋದು ನನ್ನ ಒಲೆ ಮೇಲಿನದು, ಮಲಗೋದು ನನ್ನ ಸೂರಿನ ಕೆಳಗೆ. ನನ್ನನ್ನೇ ಬಿಡಲಿಲ್ಲ ಅಂದ್ರೆ, ಇನ್ನು ಬಾವಿ ನೀರಿನ ಮುಲಾಜು ನೋಡ್ತಾಳಾ? ಇವಳು ಕೆಟ್ಟದ್ದು ಅಂದ್ರೆ ಅದು ಕೆಟ್ಟದ್ದೇ."

ಪರೀಕ್ಷೆಯ ಕಾಗದಕ್ಕೆ ಅಂಗಳದವರು ಎದುರು ಹೇಳಬಲ್ಲವರಾಗಿದ್ದರು. ಅತ್ತೆಯನ್ನೇ ಬಿಡದ ಸೊಸೆಗೆ, ಅದನ್ನು ಮೀಸೆ ತಿರುವುವವರ ಹಾಗೆ ಹೇಳಿಕೊಳ್ಳುವ ಅತ್ತೆಗೆ ಏನೆಂದು ಎದುರು ಹೇಳುವುದು?

"ಹಾಗಾದ್ರೆ ಹಾರೆ?" ಎಂದ ಕಮ್ಮಾರ.

"ಹಾರೆ ಇಲ್ಲೇ ಇರುತ್ತೆ. ಇಷ್ಟು ಜನ ಗಂಡಸರು ಮತ್ತೆ ಯಾವಾಗ ಒಟ್ಟಿಗೆ ಸಿಗ್ತೀರಿ? ಕಲ್ಲಿಗೆ ಕಚ್ಚು ಹಾಕಿಸಿ ಎಷ್ಟೋ ಕಾಲ ಆಯ್ತು. ಬನ್ನಿ, ಎತ್ತಿ. ನುಚ್ಚು ಸರಿಯಾಗಿ ಒಡೀತಿಲ್ಲ, ಕಾಯಿಲೆಯವರಿಗೆ ಬೇಕು."

ಹಾಲಿನಜ್ಜ ಕೋಲು ಕುಟ್ಟಿ ನಕ್ಕ. "ಬೀಗ ಒಡೆಯೋಕೆ ಬಂದೋರಿಗೆ ಬಿಟ್ಟಿ ಚಾಕರಿ!" ಅಂಗಳ ಸಡಿಲಾಯಿತು. ನಾಲ್ಕು ಜನ ತೋಳು ಮಡಚಿ ಒಳಗೆ ಹೋದರು. ಟ್ರಾಕ್ಟರಿನವನು ಹೋಗಲಿಲ್ಲ. ನರ್ಸಮ್ಮನ ಹತ್ತಿರ ಬಂದು, "ಮನೆಗೆ ಬರ್ತೀರಾ?" ಎಂದಷ್ಟೇ ಕೇಳಿದ. ಅವಳು ಚೀಲ ಎತ್ತಿಕೊಂಡು ಅವನ ಜೊತೆ ನಡೆದಳು. ಹಿಂದಿನಿಂದ ದೊಡ್ಡಮ್ಮ ಓಡಿಬಂದು ಅವಳ ಕೋಟಿನ ಬೆನ್ನ ಮೇಲಿನ ಹಿಟ್ಟನ್ನು ಪಟಪಟನೆ ಕೊಡವಿದಳು. "ಉಂಡಿದ್ದೀಯಾ?"

"ಇಲ್ಲ ಅತ್ತೆ. ಅತ್ತೆ, ನಾನು..."

"ಹೋಗು ಹೋಗು. ಒಲೆ ಮೇಲೆ ಇಟ್ಟಿರ್ತೀನಿ."

ಆ ಮಧ್ಯಾಹ್ನ ದೊಡ್ಡಮ್ಮ ಗಿರಣಿಯನ್ನು ಮಗನಿಗೆ ಬಿಟ್ಟು ಬೀದಿಗಿಳಿದಳು. ಜೊಳ್ಳು ಹಾರಿದಷ್ಟು ದೂರ ತಾನೂ ಹೋಗಬೇಕೆಂದು ಅವಳ ಹಟ. ಮೇಷ್ಟರ ಮನೆ, ಕೋಳಿಯವರ ಮನೆ, ಸೇತುವೆಯ ಆಚೆಯವರೆಗೆ. ಬಾಗಿಲಲ್ಲಿ ನಿಂತು, "ನಾನು ಹೇಳಿದ್ದು ತಪ್ಪು. ಟ್ಯಾಂಕಿನದ್ದೇ ಕುಡೀರಿ, ಬೇಕಾದ್ರೆ ಕಾಯಿಸಿ ಆರಿಸಿ ಕುಡೀರಿ, ವಾಸನೆ ಕಡಿಮೆ ಆಗುತ್ತೆ" ಎನ್ನುವಳು. ಅಷ್ಟಕ್ಕೇ ನಿಲ್ಲಿಸಲು ಮನಸ್ಸು ಬಾರದೆ, "ನನ್ನ ಸೊಸೆ ಹಿಡಿದುಹಾಕಿದ್ಲು ನನ್ನನ್ನ! ಊರೆಲ್ಲ ನಿಂತಿತ್ತು!" ಎಂದು ಬಹುಮಾನ ಬಂದವಳ ಹಾಗೆ ಸೇರಿಸುವಳು. ಕೊನೆಗೆ ದರ್ಜಿಯ ಮನೆ. ಅಲ್ಲಿ ಏನೂ ಹೇಳದೆ, ತಾನೇ ಒಡೆಸಿದ ನುಚ್ಚಿನ ಡಬ್ಬವನ್ನು ಬಾಗಿಲೊಳಗೆ ಇಟ್ಟು, ದರ್ಜಿಯ ಹೆಂಡತಿಯ ಪಕ್ಕದಲ್ಲಿ ಬಹಳ ಹೊತ್ತು ಕೂತು ಬಂದಳು. ಅವಳು ಅಲ್ಲಿ ಕೂತಿದ್ದನ್ನು ಬೀದಿ ನೋಡಿತು. ಮಾರನೆಯ ದಿನ ಯಾರೋ ಹೊಲಿಯಲು ಒಂದು ಬಟ್ಟೆ ತಂದುಕೊಟ್ಟರು.

ನುಚ್ಚು ಕೇಳುವವರು ಮೆಲ್ಲಮೆಲ್ಲಗೆ ಕಡಿಮೆಯಾದರು. ಟ್ರಾಕ್ಟರಿನವನ ಹೆಂಡತಿ ತಾನೇ ಡಬ್ಬ ಹೊತ್ತು ಬಂದು "ಹಿಟ್ಟು ದೊಡ್ಡಮ್ಮ, ನುಣ್ಣಗೆ" ಎಂದ ದಿನ ದೊಡ್ಡಮ್ಮ ಬೀಸಿದ್ದಕ್ಕೆ ಕಾಸು ತೆಗೆದುಕೊಳ್ಳಲಿಲ್ಲ. ಕ್ಯಾನಿನವನನ್ನು ವಿಚಾರಣೆಗೆ ಕರೆದರು. ಆಮೇಲೆ ಅವನ ಗಾಡಿ ಆ ಊರ ಕಡೆ ತಿರುಗಲಿಲ್ಲ. ಚರಂಡಿ ಕಟ್ಟಿ, ಬಾವಿಯನ್ನು ಬತ್ತಿಸಿ ತೊಳೆದರು. ಬೀಗ ಮಾತ್ರ ಹಾಗೇ ಇತ್ತು.

ಒಂದು ಸಂಜೆ ಗಿರಣಿಯ ಕಟ್ಟೆ ತುಂಬಿತ್ತು. ನರ್ಸಮ್ಮ ಕೆಲಸ ಮುಗಿಸಿ ಬಂದವಳು, ಕೋಟು ತಂತಿಗೆ ಹಾಕುತ್ತ, "ಬಾವಿ ಬೀಗ ಈ ವಾರ ತೆಗೀತಾರಂತೆ" ಎಂದಳು.

ಹೆಂಗಸರ ಮುಖ ಅರಳಿತು. ದೊಡ್ಡಮ್ಮ ಮೊರ ಆಡಿಸುವುದನ್ನು ನಿಲ್ಲಿಸಿದಳು.

"ತೆಗೀತಾರಂತೆ? ಯಾರಂದಿದ್ದು?"

"ನೀರು ಬಿಡೋರು ಸಿಕ್ಕಿದ್ರು ಅತ್ತೆ, ದಾರೀಲಿ."

"ಪರೀಕ್ಷೆ ಬಂತಾ? ನೀನು ಕಣ್ಣಲ್ಲಿ ನೋಡಿದ್ಯಾ?"

ನರ್ಸಮ್ಮ ಬಾಯಿ ತೆರೆದವಳು ಮುಚ್ಚಿದಳು. ಆಮೇಲೆ ನಗು ತಡೆಯಲಾಗದೆ ಕಂಬ ಹಿಡಿದುಕೊಂಡಳು. "ಇಲ್ಲ."

"ಹಾಗಾದ್ರೆ ಯಾರೂ ಕೊಡ ಎತ್ಕೋಬೇಡ್ರೇ" ಎಂದಳು ದೊಡ್ಡಮ್ಮ ಕಟ್ಟೆಯವರಿಗೆ. ಮತ್ತೆ ಸೊಸೆಯ ಕಡೆ ತಿರುಗಿ, ಮುಖದಲ್ಲಿ ಹೆಮ್ಮೆಯನ್ನು ಒಂದಿಷ್ಟೂ ಅಡಗಿಸದೆ, "ಹೋಗು, ಮೊದಲು ತಳಕ್ಕೆ ಕೈ ಹಾಕಿ ಬಾ" ಎಂದಳು.